ಗಾಜಿನ ಆ ತುದಿ

“ನೀವು ಏನೂ ಮಾಡೋದು ಬೇಡಮ್ಮ. ಏನೂ ಮಾಡದೆ ಇದ್ರೆ ಸಾಕು,” ಎಂದರು ಕಟ್ಟಡದ ಮಾಲೀಕರು.

ಅಕ್ಕ ಗೀರು ಹಾಕುವುದರಲ್ಲಿದ್ದಳು. ಕಂಬಳಿ ಹಾಸಿದ ಮೇಜಿನ ಮೇಲೆ ಗಾಜಿನ ಹಾಳೆ ಮಲಗಿತ್ತು, ಅದರ ಮೇಲೆ ಅಳತೆಪಟ್ಟಿ ಕೂತಿತ್ತು, ಕೊಯ್ಯುವ ಚಕ್ರದ ಮೂತಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಆಗಿತ್ತು. ಇಂಥ ಹೊತ್ತಿನಲ್ಲಿ ಅವಳನ್ನು ಮಾತಾಡಿಸಬಾರದೆಂದು ಬೀದಿಯ ನಾಯಿಗೂ ಗೊತ್ತು. ಮಾಲೀಕರಿಗೆ ಗೊತ್ತಿರಲಿಲ್ಲ, ಮನೆಮನೆಗೆ ಹೋಗಿ ಬಾಡಿಗೆ ಕೇಳಿ ರೂಢಿಯಾದವರಿಗೆ ಎದುರಿಗಿರುವವರ ಕೈಯಲ್ಲಿ ಏನಿದೆ ಎಂದು ನೋಡುವ ಅಭ್ಯಾಸ ತಪ್ಪಿಹೋಗಿರುತ್ತದೆ. ಅವಳು ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಚಕ್ರವನ್ನು ತನ್ನ ಕಡೆಗೆ ಎಳೆದಳು. ಗೀರಿನ ಕೆಳಗೆ ಬೆರಳು ಕೊಟ್ಟು ಒತ್ತಿದಾಗ ಹಾಳೆ ಟಕ್ಕೆಂದು ಎರಡಾಯಿತು. ಆಮೇಲೆ ತಲೆ ಎತ್ತಿ, “ಏನಂದ್ರಿ?” ಎಂದು ಕೇಳಿದಳು.

“ಅದೇ, ಆ ಬೇಕರಿಯವಳ ವಿಷಯ. ಮುಂಭಾಗಕ್ಕೆ ಗಾಜು ಹಾಕಿಸು, ಇಲ್ಲಾಂದ್ರೆ ತಿಂಗಳ ಕೊನೆಗೆ ಖಾಲಿ ಮಾಡು ಅಂದಿದೀನಿ. ಹಲಗೆ ಬಡಿದ ಅಂಗಡಿ ಇಟ್ಕೊಂಡ್ರೆ ನನ್ನ ಕಟ್ಟಡಕ್ಕೇನು ಮರ್ಯಾದೆ? ಬೇರೆ ಗಾಜಿನವರು ಯಾರೂ ಆ ಬಾಗಿಲಿಗೆ ಗಾಜು ಹೊರಲ್ಲ ಅಂತಿದಾರೆ. ಹಾಗಾಗಿ ಸುತ್ತಿ ಬಳಸಿ ನಿಮ್ಮ ಹತ್ರಾನೇ ಬರ್ತಾಳೆ. ಬಂದಾಗ ಆಗಲ್ಲ ಅಂದ್ಬಿಡಿ. ಮಿಕ್ಕಿದ್ದು ನನಗಿರಲಿ.” ಮಾಲೀಕರು ದನಿ ತಗ್ಗಿಸಿದರು. “ಅಷ್ಟು ಒಳ್ಳೇ ಹುಡುಗನ್ನ ನುಂಗಿ ನೀರು ಕುಡಿದವಳು. ನಿಮ್ಮ ಹೊಟ್ಟೆ ಉರಿ ನನಗೆ ಅರ್ಥ ಆಗಲ್ವಾ?”

“ನೋಡೋಣ,” ಎಂದಳು ಅಕ್ಕ.

“ಇದರಲ್ಲಿ ನೋಡೋದೇನು ಬಂತು?” ಎಂದು ಗೊಣಗುತ್ತ ಅವರು ಹೊರಟರು. ಬಾಗಿಲ ಹತ್ತಿರ ನಿಂತು ಗೋಡೆಯ ಮೇಲಿದ್ದ ಅಕ್ಕನ ತಮ್ಮನ ಫೋಟೋಕ್ಕೆ ಕೈ ಮುಗಿದರು. ಅವನು ಬದುಕಿದ್ದಾಗ ಅವನ ಮುಖ ಕಂಡರೆ ಬಾಡಿಗೆದಾರರ ಕಿಟಕಿ ರಿಪೇರಿ ನೆನಪಾಗುತ್ತದೆಂದು ಇದೇ ಮನುಷ್ಯ ಬೀದಿಯ ಆಚೆ ಬದಿಯಿಂದ ಹೋಗುತ್ತಿದ್ದರು. ಸತ್ತವರ ಮೇಲೆ ಪ್ರೀತಿ ತೋರಿಸುವುದು ಸುಲಭ, ಅವರು ತಿರುಗಿ ಏನನ್ನೂ ಕೇಳುವುದಿಲ್ಲ.

ಬೀದಿಗೆಲ್ಲ ಅವಳು ಗಾಜಿನಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೆಯೇ ಕರೆಯುತ್ತಿದ್ದರು. ಕೆಳಗೆ ಅಪ್ಪ ಬಿಟ್ಟುಹೋದ ಅಂಗಡಿ, ಮೇಲೆ ಮನೆ, ಮನೆಯಲ್ಲಿ ಮಂಡಿನೋವಿನ ಅಮ್ಮ. ಕೊಯ್ಯುವುದು ಅಕ್ಕನ ಕೆಲಸ, ಕೂರಿಸುವುದು ತಮ್ಮನ ಕೆಲಸ. ಅವನು ಎಷ್ಟು ಎತ್ತರವಿದ್ದನೆಂದರೆ ಮಹಡಿ ಕಿಟಕಿಯ ಕೆಳಗಿನ ಪಟ್ಟಿಯನ್ನು ನೆಲದಲ್ಲೇ ನಿಂತು ಬಡಿಯುತ್ತಿದ್ದ. ಅದಕ್ಕೇ ಅವನಿಗೆ ‘ಏಣಿ’ ಎಂದು ಹೆಸರು ಬಿದ್ದಿತ್ತು. ಏಣಿಗೆ ಮಾತು ಕಡಿಮೆ. ಮೂವತ್ತೈದು ದಾಟಿ ನೆತ್ತಿಯ ಕೂದಲು ಉದುರತೊಡಗಿದರೂ ಮದುವೆಯ ಸುದ್ದಿ ಎತ್ತಿದರೆ ಅವನು ಗಾಜು ಅಂಟಿಸುವ ಪುಟ್ಟಿಯ ಡಬ್ಬ ಹುಡುಕಿಕೊಂಡು ಹೊರಟುಬಿಡುತ್ತಿದ್ದ.

ಅವನ ಪ್ರೀತಿ ಮನೆಯವರಿಗೆ ಗೊತ್ತಾದದ್ದು ಬನ್ನಿನಿಂದ. ಹಿಂದಿನ ಓಣಿಯಲ್ಲಿ ಹೊಸದಾಗಿ ಬೇಕರಿ ತೆರೆದಿತ್ತು. ಬೆಳಿಗ್ಗೆ ಬೆಳಿಗ್ಗೆ ಹೋಗಿ ಬನ್ ತರುವ ಚಾಕರಿಯನ್ನು ತಮ್ಮ ತಾನಾಗಿಯೇ ಮೈಮೇಲೆ ಹಾಕಿಕೊಂಡ. ಮೊದಲು ತಲೆಗೊಂದರಂತೆ ತರುತ್ತಿದ್ದವನು ಬರಬರುತ್ತ ಚೀಲ ತುಂಬಿಸಿಕೊಂಡು ಬರತೊಡಗಿದ. ಡಬ್ಬ ತುಂಬಿತು, ಕಪಾಟು ತುಂಬಿತು, ಗುಬ್ಬಿಗಳು ದುಂಡಗಾದವು. ಒಂದು ದಿನ ಅಮ್ಮ ಒಣಗಿದ ಬನ್ನೊಂದನ್ನು ಮೇಜಿಗೆ ಕುಟ್ಟಿ ಸದ್ದು ಮಾಡಿ, “ಏನೋ ಮಾರಾಯ, ಗಾಜಿನಂಗಡಿ ಮುಚ್ಚಿ ಬನ್ನಿನಂಗಡಿ ಇಡ್ತೀಯಾ ಹೇಗೆ?” ಎಂದು ಕೇಳಿದಳು. ತಮ್ಮನ ಕಿವಿ ಕೆಂಪಗಾಯಿತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮನೆಯಲ್ಲಿ ಅಷ್ಟು ನಗು ಕೇಳಿ ವರ್ಷಗಳಾಗಿದ್ದವು.

ಅವನು ಅವಳಿಗೆ ಏನೂ ಹೇಳಿರಲಿಲ್ಲ. ‘ಬನ್ ಕೊಡಿ’, ‘ಇವತ್ತು ಬಿಸಿ ಇದೆ’, ‘ಚಳಿ ಜಾಸ್ತಿ’, ಇಷ್ಟೇ ಅವನ ಪ್ರೇಮ ಸಂಭಾಷಣೆ. ಕೊನೆಗೊಂದು ದಿನ ಅಂಗಡಿಯಲ್ಲಿ ದೊಡ್ಡ ಗಾಜೊಂದನ್ನು ಇಬ್ಬರೂ ಆಚೆಗೊಬ್ಬರು ಈಚೆಗೊಬ್ಬರು ನಿಂತು ಒರೆಸುತ್ತಿದ್ದಾಗ, ಗಾಜಿನ ಆ ಬದಿಯಿಂದಲೇ, “ಅಕ್ಕ, ನೀನೇ ಒಂದು ಮಾತು ಕೇಳಿ ನೋಡ್ತೀಯಾ?” ಎಂದ.

ಅಕ್ಕ ಒಳ್ಳೆಯ ಬಟ್ಟೆ ಉಟ್ಟುಕೊಂಡು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಹೋದಳು. ಬೇಕರಿಯವಳು ತಟ್ಟೆಗಳನ್ನು ಉಜ್ಜುತ್ತಿದ್ದಳು, ಮೊಣಕೈವರೆಗೂ ಹಿಟ್ಟು. ಒಂಟಿಯಾಗಿ ಬಂದು, ಒಂಟಿಯಾಗಿ ಒಲೆ ಹಾಕಿಸಿ, ಒಂಟಿಯಾಗಿ ಅಂಗಡಿ ನಡೆಸುತ್ತಿದ್ದ ಹೆಂಗಸು. ಮಾತೆಲ್ಲ ಕೇಳಿದಳು. ಕೈ ತೊಳೆದು ಬಂದು ಅಕ್ಕನಿಗೆ ನೀರು ಕೊಟ್ಟಳು.

“ಅವರು ಒಳ್ಳೇವರು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನನಗೆ ಆ ಮನಸ್ಸಿಲ್ಲ ಅಕ್ಕ. ಇವತ್ತೂ ಇಲ್ಲ, ನಾಳೆ ಬರತ್ತೆ ಅಂತಾನೂ ಇಲ್ಲ. ಅವರಿಗೆ ಹಾಗೇ ಹೇಳ್ಬಿಡಿ. ಬೇಜಾರಾಗತ್ತೆ ಅಂತ ಮಾತು ತೇಲಿಸ್ಬೇಡಿ,” ಎಂದಳು.

ಇದಕ್ಕಿಂತ ನೇರವಾಗಿ ಯಾರೂ ಹೇಳಲಾರರು. ಅಕ್ಕ ನೀರು ಕುಡಿದು ಲೋಟ ಇಟ್ಟು ಬಂದಳು. ದಾರಿಯುದ್ದಕ್ಕೂ ಅವಳಿಗೆ ಸಿಟ್ಟಿತ್ತು. ನನ್ನ ತಮ್ಮನಿಗೇನು ಕಡಿಮೆ, ಇವಳಿಗೇನು ಕೋಡು ಎಂದು. ಅಂಗಡಿಯ ಮುಂದೆ ತಮ್ಮ ಅಷ್ಟು ಹೊತ್ತೂ ಒರೆಸಿದ್ದ ಗಾಜನ್ನೇ ಒರೆಸುತ್ತ ನಿಂತಿದ್ದ. ಅಕ್ಕನನ್ನು ಕಂಡು ಬಟ್ಟೆ ಕೈಯಲ್ಲೇ ಉಳಿಯಿತು. ಚಿಕ್ಕವನಿದ್ದಾಗ ಪರೀಕ್ಷೆಯಲ್ಲಿ ಪಾಸೋ ಫೇಲೋ ಎಂದು ಕೇಳುವಾಗ ಮಾಡುತ್ತಿದ್ದನಲ್ಲ, ಅದೇ ಮುಖ. ಅಕ್ಕನ ನಾಲಿಗೆ ಹೊರಳಿತು.

“ಸ್ವಲ್ಪ ಕಾಲ ಬೇಕಂತೆ,” ಎಂದಳು.

ಸಂಜೆ ಅವನು ಮೆಟ್ಟಿಲ ಮೇಲೆ ಸಿಳ್ಳೆ ಹಾಕುವುದು ಕೇಳಿಸಿತು. ಮುಂದಿನ ವಾರ ನಿಜ ಹೇಳಿದರಾಯಿತು ಎಂದುಕೊಂಡಳು. ಮುಂದಿನ ವಾರ ಅವನು ಹೊಸ ಅಂಗಿ ಹೊಲಿಸಿದ. ಇನ್ನೊಂದು ವಾರ ಕಳೆಯಲಿ ಎಂದುಕೊಂಡಳು. ಅಷ್ಟರಲ್ಲಿ ಒಂದು ಬೆಳಿಗ್ಗೆ ಬೇಕರಿಯ ಮುಂದೆ ಹಾದುಹೋಗುವಾಗ ಆ ಹೆಂಗಸು ತಮ್ಮನ ಮುಖ ನೋಡಿ ಮನಸಾರೆ ನಗುತ್ತಿದ್ದುದು ಕಂಡಿತು. ಅಕ್ಕನ ಎದೆಯ ಮೇಲಿನ ಭಾರ ಇಳಿಯಿತು. ಬಾಯಲ್ಲಿ ಬೇಡ ಅಂದಳು, ಮನಸ್ಸಲ್ಲಿ ಇದೆ. ನಾನು ಹೇಳದೆ ಇದ್ದದ್ದೇ ಒಳ್ಳೆಯದಾಯಿತು ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಬೇಕರಿಯ ಮುಂಭಾಗದಲ್ಲಿ ಮರದ ಚೌಕಟ್ಟಿಗೆ ಚಿಕ್ಕ ಚಿಕ್ಕ ಗಾಜುಗಳನ್ನು ಕೂರಿಸಿದ್ದ ಹಳೆಯ ಕಿಟಕಿ ಇತ್ತು. ಅದನ್ನು ಕಿತ್ತು ಒಂದೇ ದೊಡ್ಡ ಗಾಜು ಹಾಕೋಣ, ಬೀದಿಯಲ್ಲಿ ಹೋಗುವವರಿಗೆ ಒಳಗಿನದೆಲ್ಲ ಕಾಣುತ್ತದೆ ಎಂದು ತಮ್ಮ ಹೇಳಿದ. ಪುಕ್ಕಟೆ ಬೇಡ, ಬೆಲೆ ಕೊಟ್ಟೇ ಹಾಕಿಸುತ್ತೇನೆ ಎಂದು ಅವಳು ಒಪ್ಪಿದಳು. ಅವನು ಬೆಳಿಗ್ಗೆಯೇ ಹೋಗಿ ಹಳೆಯ ಚೌಕಟ್ಟನ್ನು ಕಿತ್ತು ಬಂದ. ಆಮೇಲೆ ಅಕ್ಕ, ತಮ್ಮ ಇಬ್ಬರೂ ಹೊಸ ಗಾಜು ಹೊತ್ತು ಹೊರಟರು. ಓಣಿಯೊಳಗೆ ಗಾಡಿ ಹೋಗುವುದಿಲ್ಲ, ಹೊತ್ತೇ ಹೋಗಬೇಕು. ಬೇಕರಿಯಿಂದ ಕೂಗಳತೆ ದೂರದಲ್ಲಿ ತಮ್ಮ ಎಡವಿದ. ಗಾಜು ಮುರಿದು ಅವನ ಮೇಲೆ ಬಿತ್ತು. ಆಸ್ಪತ್ರೆ ತಲುಪುವುದರೊಳಗೆ ಅವನು ಹೋಗಿಬಿಟ್ಟಿದ್ದ.

ಆಸ್ಪತ್ರೆಯ ಬೆಂಚಿನ ಮೇಲೆ ಅಮ್ಮ, “ಹೇಗಾಯ್ತೇ? ಅಷ್ಟು ವರ್ಷ ಹೊತ್ತವನು ಹೇಗೆ ಎಡವಿದ?” ಎಂದು ಅವಳ ಭುಜ ಹಿಡಿದು ಅಲ್ಲಾಡಿಸಿದಾಗ ಅಕ್ಕ, “ಅವಳನ್ನ ನೋಡೋಕೆ ತಿರುಗಿದ,” ಎಂದಳು.

ಅಷ್ಟೇ ಅಂದದ್ದು. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಆದರೆ ಆ ಮಾತು ಆಸ್ಪತ್ರೆಯ ಮೆಟ್ಟಿಲಿಳಿಯುವುದರೊಳಗೆ ಬೇಕರಿಯವಳು ಬಾಗಿಲಲ್ಲಿ ನಿಂತಿದ್ದಳು ಎಂದಾಯಿತು. ಬೀದಿ ಸೇರುವುದರೊಳಗೆ ಅವಳು ಕೂಗಿ ಕರೆದಳು ಎಂದಾಯಿತು. ಮಾರನೆಯ ದಿನಕ್ಕೆ, ಆಸೆ ತೋರಿಸಿ ತೋರಿಸಿ ಕುಣಿಸಿದಳು, ಗಾಜು ಪುಕ್ಕಟೆ ಹೊಡೆದುಕೊಳ್ಳಬೇಕೆಂದಿದ್ದಳು ಎಂಬಲ್ಲಿಗೆ ಬಂದು ನಿಂತಿತು. ಅಕ್ಕ ಏನನ್ನೂ ಸೇರಿಸಲಿಲ್ಲ. ಏನನ್ನೂ ತೆಗೆಯಲೂ ಇಲ್ಲ. ಗಿರಾಕಿಗಳು ದೂರದ ಬೇಕರಿಗೆ ಹೋಗತೊಡಗಿದರು. ಇದೆಲ್ಲ ಮೂರು ತಿಂಗಳ ಹಿಂದಿನ ಮಾತು. ಬೇಕರಿಯ ಕಿತ್ತ ಕಿಟಕಿಗೆ ಆವತ್ತು ಬಡಿದ ಹಲಗೆ ಇನ್ನೂ ಹಾಗೆಯೇ ಇತ್ತು.

ಮಾಲೀಕರು ಹೇಳಿದಂತೆಯೇ ಎರಡು ದಿನ ಬಿಟ್ಟು ಬೇಕರಿಯವಳು ಬಂದಳು. ಇಳಿದುಹೋಗಿದ್ದಳು. ಕೈಯಲ್ಲಿ ಎರಡು ಕಡೆ ಗಂಟು ಹಾಕಿದ ದಾರವಿತ್ತು.

“ಅಳತೆ ತಂದಿದೀನಿ,” ಎಂದಳು.

“ದಾರ ಎಳೆದಷ್ಟೂ ಬರತ್ತೆ. ದಾರ ನಂಬ್ಕೊಂಡು ಗಾಜು ಕೊಯ್ಯೋಕಾಗಲ್ಲ,” ಎಂದಳು ಅಕ್ಕ. ಅಳತೆ ಬೇಕಾಗಿಯೂ ಇರಲಿಲ್ಲ. ತಮ್ಮ ಸೀಮೆಸುಣ್ಣದಲ್ಲಿ ಬರೆದಿಟ್ಟದ್ದು ಮೇಜಿನ ಮೇಲಿನ ಗೋಡೆಯಲ್ಲೇ ಇತ್ತು. ಅಲ್ಲಿ ಯಾರೂ ಬಟ್ಟೆ ಆಡಿಸಿರಲಿಲ್ಲ. ಬೇಕರಿಯವಳೂ ಅದನ್ನು ನೋಡಿದಳು, ಕಣ್ಣು ಬೇರೆ ಕಡೆ ಹೊರಳಿಸಿದಳು.

“ಆಗಲ್ಲ ಅನ್ನೋದಾದ್ರೆ ಈಗ್ಲೇ ಅಂದ್ಬಿಡಿ ಅಕ್ಕ. ಈ ಒಲೆ ಕಟ್ಟೋಕೆ ನನ್ನ ಹತ್ರ ಇದ್ದಿದ್ದೆಲ್ಲ ಹಾಕಿದೀನಿ. ಒಲೇನ ಹೊತ್ಕೊಂಡು ಹೋಗೋಕಾಗಲ್ಲ. ಬೇರೆ ಕಡೆ ಯಾರದಾದ್ರೂ ಕೈಕೆಳಗೆ ಕೆಲಸ ಹುಡುಕ್ಬೇಕು.”

ಆಗಲ್ಲ ಎಂಬ ಮಾತು ಅಕ್ಕನ ಬಾಯಲ್ಲಿ ಸಿದ್ಧವಾಗಿತ್ತು. ಆದರೆ ಮೂರು ತಿಂಗಳಿಂದ ಒಳಗೊಳಗೇ ಕುದಿದದ್ದು ಅದಕ್ಕಿಂತ ಮೊದಲು ಹೊರಬಿತ್ತು.

“ನನಗೊಂದು ಹೇಳು. ಮನಸ್ಸಿಲ್ಲ ಅಂತ ನನ್ನ ಮುಖಕ್ಕೆ ಹೊಡೆದ ಹಾಗೆ ಹೇಳ್ದೆ. ಆಮೇಲೆ ದಿನಾ ಅವನ ಮುಖ ನೋಡಿ ನಗ್ತಿದ್ದೆ. ನಾನೇ ಕಣ್ಣಾರೆ ನೋಡಿದೀನಿ. ಬೇಡದವಳಿಗೆ ಆ ನಗು ಯಾಕೆ ಬೇಕಿತ್ತು?”

ಬೇಕರಿಯವಳು ದಾರವನ್ನು ಬೆರಳಿಗೆ ಸುತ್ತತೊಡಗಿದಳು.

“ಇದನ್ನ ನಾನೂ ಬೇಕಾದಷ್ಟು ಸಲ ಕೇಳ್ಕೊಂಡಿದೀನಿ. ಮೊದಮೊದಲು ಎಲ್ಲರಿಗೂ ನಕ್ಕ ಹಾಗೆ ಅವರಿಗೂ ನಗ್ತಿದ್ದೆ. ಮುಖ ಸಿಂಡರಿಸ್ಕೊಂಡು ಬನ್ ಮಾರೋಕಾಗತ್ತಾ? ಆದ್ರೆ ನೀವು ಬಂದು ಹೋದ ಮರುದಿನ ನನಗೆ ನಿಜವಾಗ್ಲೂ ಭಯ ಇತ್ತು. ಜಗಳಕ್ಕೆ ಬರ್ತಾರೋ, ಬರೋದೇ ನಿಲ್ಲಿಸ್ತಾರೋ ಅಂತ. ಅವರು ಎಂದಿನ ಹಾಗೆ ಬಂದ್ರು. ಇನ್ನೂ ಜಾಸ್ತಿ ನಗ್ತಾ ಬಂದ್ರು. ಬೇಡ ಅಂದವಳ ಅಂಗಡಿಗೆ ಮರುದಿನಾನೇ ನಗ್ತಾ ಬರೋ ಗಂಡಸನ್ನ ನಾನು ಕಂಡೇ ಇರಲಿಲ್ಲ ಅಕ್ಕ. ಎಂಥಾ ದೊಡ್ಡ ಮನಸ್ಸು ಅನ್ಸ್ತು. ಆ ಗೌರವಕ್ಕೆ ನಾನೂ ನಕ್ಕೆ. ಆಮೇಲೆ ನಕ್ಕಿದ್ದು ಗಿರಾಕಿಗೆ ನಕ್ಕಿದ್ದಲ್ಲ, ಅದು ನಿಜ. ಅದೇ ತಪ್ಪಾಗಿದ್ರೆ ತಪ್ಪು.”

ಅಕ್ಕ ಸ್ಟೂಲು ಎಳೆದುಕೊಂಡು ಕೂತಳು. ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಈ ಹೆಂಗಸಿನ ನಗು ತನ್ನ ಸುಳ್ಳನ್ನು ಸಮರ್ಥಿಸುತ್ತದೆಂದು ಅವಳು ಅಷ್ಟು ದಿನ ನೆಚ್ಚಿಕೊಂಡಿದ್ದಳು. ಈಗ ನೋಡಿದರೆ ಆ ನಗು ಹುಟ್ಟಿದ್ದೇ ಆ ಸುಳ್ಳಿನಿಂದ.

“ಅವನಿಗೆ ಗೊತ್ತಿರಲಿಲ್ಲ,” ಎಂದಳು.

“ಏನು?”

“ನೀನು ಬೇಡ ಅಂದಿದ್ದು. ನಾನು ಹೇಳ್ಲಿಲ್ಲ. ಕಾಲ ಬೇಕಂತೆ ಅಂದೆ. ಅವನ ಮುಖ ನೋಡಿ ಹೇಳೋಕಾಗ್ಲಿಲ್ಲ.”

ಬೇಕರಿಯವಳು ದಾರವನ್ನು ಇನ್ನೊಂದು ಸುತ್ತು ಸುತ್ತಿದಳು. ದಾರ ಬಿಗಿದ ಬೆರಳ ತುದಿ ಕಪ್ಪಿಟ್ಟಿತ್ತು.

“ಹಾಗಾದ್ರೆ ಅವರು ದಿನಾ ಬರ್ತಿದ್ದಿದ್ದು…”

“ಕಾಯ್ತಿದ್ದ.”

“ನಾನು ನಕ್ಕಾಗೆಲ್ಲ…” ಎಂದಳು ಬೇಕರಿಯವಳು. ಅಕ್ಕನ ಕಣ್ಣಲ್ಲಿ ನೀರು ತುಂಬಿ ಹರಿಯತೊಡಗಿತು. ಅವಳು ಕೈಗವಸಿನಲ್ಲೇ ಮುಖ ಒರೆಸಿಕೊಂಡಳು.

“ಅಳ್ಬೇಡಿ,” ಎಂದಳು ಬೇಕರಿಯವಳು ಗಟ್ಟಿಯಾಗಿ. “ನೀವು ಅತ್ರೆ ನಾನು ಸಮಾಧಾನ ಮಾಡ್ಬೇಕಾಗತ್ತೆ. ಅದು ನನ್ನ ಕೈಲಾಗಲ್ಲ. ನಾನು ಯಾರನ್ನ ಕೊಂದೆ ಅಂತ ಮೂರು ತಿಂಗಳಿಂದ ಹಿಟ್ಟು ಕಲಸ್ತಾ ಕಲಸ್ತಾ ಯೋಚನೆ ಮಾಡಿದೀನಿ. ನನಗೆ ನಿಮ್ಮ ಕಣ್ಣೀರು ಬೇಡ. ಗಾಜು ಬೇಕು.”

“ಕೊಯ್ದು ಕೊಡ್ತೀನಿ. ಹೊರೋಕೆ ಇನ್ನೊಬ್ಬರು ಬೇಕು. ಆ ಗಾಜು ಅಂದ್ರೆ ಯಾರೂ ಕೈ ಹಾಕಲ್ಲ.”

“ಆ ತುದಿ ನಾನೇ ಹಿಡೀತೀನಿ. ಮೂಟೆಗಟ್ಟಲೆ ಹಿಟ್ಟು ನಾದೋ ಕೈ ಇದು,” ಎಂದು ದಾರವನ್ನು ಮೇಜಿನ ಮೇಲೆ ಬಿಟ್ಟು ಅವಳು ಹೊರಟುಹೋದಳು.

ಮಾರನೆಯ ದಿನ ಅಕ್ಕ ಅಂಗಡಿಯ ಅರ್ಧ ಬಾಗಿಲು ಹಾಕಿಕೊಂಡು ಗೋಡೆಯ ಮೇಲಿನ ಅಳತೆಗೆ ಗಾಜು ಕೊಯ್ದಳು. ಹಾಕಿದ ಗೀರಿನ ಮೇಲೆ ಮತ್ತೆ ಗೀರು ಹಾಕಬಾರದು, ಹಾಕಿದರೆ ಗಾಜು ಮನಸ್ಸಿಗೆ ಬಂದ ಕಡೆ ಒಡೆಯುತ್ತದೆ ಎಂಬುದು ಅಪ್ಪ ಕಲಿಸಿದ ಮೊದಲ ಪಾಠ. ಹೊರುವುದಕ್ಕೂ ಅಪ್ಪನ ಪಾಠಗಳಿದ್ದವು. ಮುಂದಿನ ತುದಿ ಹಿಡಿದವರು ಹಿಂದಕ್ಕೆ ನಡೆಯುತ್ತ ಹೋಗಬೇಕು. ಹಿಂದಿನ ತುದಿಯವರ ಮುಖ ಬಿಟ್ಟು ಬೇರೇನನ್ನೂ ನೋಡಬಾರದು. ಹಿಂದಿನವರೇ ಇಬ್ಬರಿಗೂ ಕಣ್ಣು. ಎಡ, ಬಲ, ಮೆಟ್ಲು, ನಿಲ್ಲು, ಈ ನಾಲ್ಕು ಮಾತು ಬಿಟ್ಟು ಐದನೆಯದು ಆಡಬಾರದು. ಗಾಜು ಜಾರಿತೋ, ಇಬ್ಬರೂ ಕೈ ಬಿಟ್ಟು ಹಿಂದಕ್ಕೆ ಹಾರಬೇಕು. “ಗಾಜು ಹೋದ್ರೆ ಇನ್ನೊಂದು ಕೊಯ್ಯೋಣ,” ಎನ್ನುತ್ತಿದ್ದ ಅಪ್ಪ.

ಆವತ್ತು ಮುಂದಿನ ತುದಿ ತಮ್ಮನದು, ಹಿಂದಿನ ತುದಿ ಅಕ್ಕನದು. ಓಣಿ ತಿರುಗಿದಾಗ ಬೇಕರಿ ಅವನ ಬೆನ್ನ ಹಿಂದೆ ಇತ್ತು, ಅವಳ ಕಣ್ಣೆದುರಿಗೆ ಇತ್ತು. ಕಿತ್ತ ಚೌಕಟ್ಟಿನ ದೊಡ್ಡ ಬಾಯಿ, ಒಳಗೆ ಯಾರೂ ಕೂತಿರದ ಗಲ್ಲಾ. ಒಲೆ ಇದ್ದ ಹಿಂದಿನ ಕೋಣೆಯಲ್ಲಿ ತಟ್ಟೆಗಳ ಸದ್ದು. ಬಾಗಿಲಲ್ಲಿ ನರಪಿಳ್ಳೆ ಇರಲಿಲ್ಲ.

“ಇದಾಳಾ?” ಎಂದು ತಮ್ಮ ಕೇಳಿದ, ತುಟಿಯಲ್ಲೇ.

ಅವನ ಹಣೆಯ ಮೇಲೆ ಬೆವರಿತ್ತು. ಹೊಸ ಅಂಗಿ ಹಾಕಿದ್ದ. ಗಾಜು ಹೊರುವಾಗ ಯಾರಾದರೂ ಹೊಸ ಅಂಗಿ ಹಾಕುತ್ತಾರೆಯೇ? ಅಕ್ಕನಿಗೆ ಮುದ್ದು ಬಂತು. ಇಷ್ಟು ದಿನ ಕಾಯಿಸಿದ್ದಕ್ಕೆ ಇದೊಂದಿರಲಿ ಎನ್ನಿಸಿತು.

“ಇದಾಳೆ ಕಣೋ,” ಎಂದಳು. “ನಿನ್ನೇ ನೋಡ್ತಾ ನಿಂತಿದಾಳೆ.”

ಅವನು ನಕ್ಕ. ನಗುತ್ತಲೇ ತಲೆ ತಿರುಗಿಸಿದ. ಅವನ ಹಿಮ್ಮಡಿಯ ಹತ್ತಿರ ಓಣಿಯ ಅಂಚುಗಲ್ಲು ಬಂದಿತ್ತು. ಮೆಟ್ಲು ಎಂದು ಹೇಳಬೇಕಿದ್ದದ್ದು ಆಗಲೇ. ಆ ಉಸಿರನ್ನು ಅವಳು ಬೇರೆ ಮಾತಿಗೆ ಖರ್ಚು ಮಾಡಿದ್ದಳು. ಗಾಜು ವಾಲಿತು. ಅಕ್ಕ ಕೈ ಬಿಟ್ಟು ಹಿಂದಕ್ಕೆ ಹಾರಿದಳು, ಅಪ್ಪ ಕಲಿಸಿದಂತೆ. ತಮ್ಮ ಬಿಡಲಿಲ್ಲ. ಅದು ಬೇಕರಿಯವಳಿಗೆಂದು ಹೊತ್ತ ಗಾಜು ಎಂದೋ, ಅಕ್ಕನ ಮೇಲೆ ಬಿದ್ದೀತು ಎಂದೋ, ಅಥವಾ ಕೈಗೆ ಯೋಚಿಸಲು ಪುರುಸೊತ್ತೇ ಸಿಗಲಿಲ್ಲವೋ, ಅದನ್ನು ಹೇಳಬಲ್ಲವನು ಅವನೊಬ್ಬನೇ.

ಕೊಯ್ದ ಗಾಜನ್ನು ಗೋಡೆಗೆ ಒರಗಿಸಿ ಅಕ್ಕ ಮೇಲೆ ಹೋದಳು. ಅಮ್ಮ ಕಿಟಕಿಯ ಹತ್ತಿರ ಕಾಲು ಚಾಚಿಕೊಂಡು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ಅಕ್ಕ ನೆಲದ ಮೇಲೆ ಕೂತು ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡು ತಾನೇ ತಿಕ್ಕಲು ಶುರುಮಾಡಿದಳು. ತಿಕ್ಕುತ್ತಲೇ ಎಲ್ಲವನ್ನೂ ಹೇಳಿದಳು. ನೀರು ಕುಡಿದು ಬಂದದ್ದು, ಕಾಲ ಬೇಕಂತೆ ಎಂದದ್ದು, ಬಾಗಿಲಲ್ಲಿ ಯಾರೂ ಇಲ್ಲದಿದ್ದರೂ ಇದ್ದಾಳೆ ಎಂದದ್ದು.

ಕೊನೆಗೆ ಅಮ್ಮ, “ಇದಾಳಾ ಅಂತ ಅವನೇ ಕೇಳಿದ್ನಾ?” ಎಂದಳು.

“ಕೇಳ್ದ.”

“ನೀನು ಇದಾಳೆ ಅಂದಾಗ ನಕ್ನಾ?”

“ನಕ್ಕ ಅಮ್ಮ.”

ಅಮ್ಮ ಕಿಟಕಿಯ ಆಚೆ ನೋಡುತ್ತ ಕೂತಳು. ಆಮೇಲೆ ತನ್ನ ಕಾಲನ್ನು ಮಗಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಸೀರೆ ಸರಿಮಾಡಿಕೊಂಡು, ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಊಟಕ್ಕೆ ಕರೆದರೆ ಬಂದಳು, ಬಡಿಸಿದ್ದನ್ನು ಉಂಡಳು. ಮಾತಾಡಲಿಲ್ಲ. ಮಾರನೆಯ ದಿನವೂ ಆಡಲಿಲ್ಲ. ಬೈದಿದ್ದರೆ, ಹೊಡೆದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು.

ಆ ಮಾರನೆಯ ದಿನವೇ ಬೆಳಿಗ್ಗೆ ಬೇಕರಿಯವಳು ಬಂದಳು, ತೋಳು ಮಡಿಸಿಕೊಂಡು, ತಲೆಗೆ ಬಟ್ಟೆ ಬಿಗಿದುಕೊಂಡು. ಅಕ್ಕ ಅವಳಿಗೆ ತಮ್ಮನ ಚರ್ಮದ ಕೈಗವಸು ಕೊಟ್ಟಳು. ಅವು ಅವಳ ಕೈಗೆ ದೊಡ್ಡವಾದವು; ಮಣಿಕಟ್ಟಿನ ಹತ್ತಿರ ದಾರದಿಂದ ಬಿಗಿದರು. ಎರಡು ಗಂಟಿನ ಅದೇ ದಾರ. ದಾರಿಯವರಿಗೆ ಕಾಣಲೆಂದು ಗಾಜಿನ ಮೇಲೆ ಸುಣ್ಣದಿಂದ ಓರೆಯಾಗಿ ಎರಡು ಗೀಟು ಎಳೆದು, ಅಕ್ಕ ನಾಲ್ಕು ಮಾತುಗಳನ್ನೂ ಕಲಿಸಿದಳು. ಜಾರಿದರೆ ಕೈ ಬಿಡಬೇಕೆಂಬುದನ್ನು ಎರಡು ಸಲ ಹೇಳಿದಳು.

“ಹಿಂದಿನ ತುದಿ ನಿನ್ನದು.”

“ದಾರಿ ನೋಡೋ ಕಡೆ ನೀವಿರ್ಬೇಕಲ್ವಾ? ನನಗೆ ಇದೆಲ್ಲ ಹೊಸದು.”

“ಹೋದ ಸಲ ದಾರಿ ನೋಡಿದ್ದು ನಾನೇ,” ಎಂದಳು ಅಕ್ಕ.

ಇಬ್ಬರು ಹೆಂಗಸರು ಆ ಗಾಜು ಹೊತ್ತು ಹೊರಟದ್ದನ್ನು ಬೀದಿ ಕಣ್ಣುಬಿಟ್ಟು ನೋಡಿತು. ಗಡ್ಡ ಹೆರೆಸಿಕೊಳ್ಳುತ್ತಿದ್ದವನು ಅರ್ಧ ನೊರೆಯ ಮುಖದಲ್ಲೇ ಎದ್ದು ಹೊರಗೆ ಬಂದ. ಒಬ್ಬಾಕೆ ಬಕೆಟ್ ಕೆಳಗಿಟ್ಟಳು. ಅಮ್ಮ ಹಿಂದಿನ ದಿನ ಮುಚ್ಚಿದ್ದ ಮನೆಯ ಮೇಲಿನ ಕಿಟಕಿ ತೆರೆದಿದೆಯೋ ಎಂದು ತಲೆ ಎತ್ತುವ ಆಸೆ ಅಕ್ಕನಿಗೆ ಬಂತು. ಎತ್ತಲಿಲ್ಲ. ಅವಳೆದುರಿಗೆ ಇದ್ದದ್ದು ಬೇಕರಿಯವಳ ಮುಖ ಒಂದೇ. “ಎಡ,” ಎಂದಿತು ಆ ಮುಖ. “ಇನ್ನೂ ಎಡ.”

ಓಣಿಯ ಬಾಯಲ್ಲಿ ಮಾಲೀಕರ ದನಿ ಕೇಳಿಸಿತು. “ಏನಮ್ಮ ಇದು? ನಾನು ಹೇಳಿದ್ದೇನು, ನೀವು ಮಾಡ್ತಿರೋದೇನು?”

“ನಿಲ್ಲು,” ಎಂದಳು ಬೇಕರಿಯವಳು.

ಅಕ್ಕ ಹೆಗಲ ಮೇಲಿಂದ ಬೀಳಿಸಿದ ಗೋಣಿತಟ್ಟಿನ ಮೇಲೆ ಗಾಜನ್ನು ಇಳಿಸಿದರು. ಅಕ್ಕ ಒಂದು ಕೈಯಿಂದ ಅಂಚು ಹಿಡಿದುಕೊಂಡೇ ತಿರುಗಿದಳು. ಮಾಲೀಕರ ಹಿಂದೆ ಏಳೆಂಟು ಜನ ಸೇರಿದ್ದರು.

“ಆವತ್ತು ಇವಳು ಬಾಗಿಲಲ್ಲಿ ಇರಲಿಲ್ಲ. ಕರೀಲೂ ಇಲ್ಲ, ನಗಲೂ ಇಲ್ಲ. ಒಳಗೆ ಒಲೆ ಹತ್ರ ಇದ್ಲು. ಅವಳು ನಿಂತಿದಾಳೆ ಅಂತ ನನ್ನ ತಮ್ಮನಿಗೆ ಸುಳ್ಳು ಹೇಳಿದ್ದು ನಾನು. ಅದಕ್ಕೇ ಅವನು ತಿರುಗಿದ. ಮನಸ್ಸಿಲ್ಲ ಅಂತ ಇವಳು ಎಂದೋ ಹೇಳಿ ಕಳಿಸಿದ್ಲು. ಅದನ್ನ ಅವನಿಗೆ ಮುಟ್ಟಿಸದೆ ಇದ್ದಿದ್ದೂ ನಾನೇ.”

ಬಕೆಟ್ಟಿನ ಹೆಂಗಸು, “ಅಯ್ಯೋ ದೇವರೇ,” ಎಂದದ್ದು ಎಲ್ಲರಿಗೂ ಕೇಳಿಸಿತು. ಅದು ಯಾರಿಗೆ ಹೇಳಿದ್ದೋ ತಿಳಿಯಲಿಲ್ಲ.

“ಅಲ್ಲಮ್ಮ, ಅದನ್ನೆಲ್ಲ ಈಗ ಬೀದೀಲಿ ನಿಂತು ಹೇಳೋದ್ಯಾಕೆ…” ಎಂದರು ಮಾಲೀಕರು, ಅವಳ ಕಣ್ಣು ತಪ್ಪಿಸಿ.

“ಇವಳ ಮರ್ಯಾದೆ ಬೀದೀಲೇ ಕಳೆದಿದ್ದು. ದಾರಿ ಬಿಡಿ, ಗಾಜಿದೆ.”

ಅವರು ಗೋಡೆಗೆ ಒತ್ತಿಕೊಂಡು ನಿಂತರು. ಅಕ್ಕ ಮತ್ತೆ ಬೇಕರಿಯವಳ ಕಡೆಗೆ ತಿರುಗಿದಳು. ಬಾಗಿಲಲ್ಲಿ ನಿಂತಿದ್ದಾಳೆಂಬ ಆ ಸುಳ್ಳಿನ ಮಾತು ಆಕೆಯ ಕಿವಿಗೆ ಬಿದ್ದದ್ದು ಈಗಲೇ. ಮುಖ ಬಿಳಿಚಿಕೊಂಡಿತ್ತು. ಗಾಜಿನ ಆ ತುದಿ ಅವಳ ಕೈಯಲ್ಲಿ ಸಣ್ಣಗೆ ನಡುಗುತ್ತಿತ್ತು, ಆ ನಡುಕ ಗಾಜಿನಗುಂಟ ಹರಿದು ಅಕ್ಕನ ಅಂಗೈಗೆ ಬಂದು ಮುಟ್ಟುತ್ತಿತ್ತು. ಈಗ ಕೈ ಬಿಟ್ಟು ಹೋಗಿಬಿಡುತ್ತಾಳೆ ಎಂದುಕೊಂಡಳು ಅಕ್ಕ. ಹೋದರೆ ತಡೆಯುವ ಹಕ್ಕು ತನಗಿಲ್ಲವೆಂದೂ ಅವಳಿಗೆ ತಿಳಿದಿತ್ತು.

ಬೇಕರಿಯವಳು ಮೂಗು ಎಳೆದುಕೊಂಡಳು. ಕೈಗವಸನ್ನು ಹಲ್ಲಿನಿಂದ ಎಳೆದು ಬಿಗಿಮಾಡಿಕೊಂಡಳು.

“ಎತ್ತಿ,” ಎಂದಳು.

ಎತ್ತಿದರು. ಅಕ್ಕ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತ ಹೋದಳು. ಬೆನ್ನ ಹಿಂದೆ ಎಲ್ಲೋ ಆ ಅಂಚುಗಲ್ಲು ಇತ್ತು, ಅದರಾಚೆ ಬೇಕರಿಯ ಬಾಗಿಲು ಇತ್ತು. ಎಷ್ಟು ದೂರವೆಂದು ತಿರುಗಿ ನೋಡಲು ಕತ್ತು ಸೆಳೆಯುತ್ತಿತ್ತು. ಅವಳು ಎದುರಿನ ಮುಖವನ್ನೇ ನೋಡಿದಳು. ಆ ಮುಖದಲ್ಲಿ ಕ್ಷಮೆಯ ಸುಳಿವೂ ಇರಲಿಲ್ಲ. ಕಣ್ಣು ಮಾತ್ರ ಅಕ್ಕನ ಹೆಗಲ ಮೇಲಿಂದ ದಾಟಿ ನೆಲವನ್ನು ಬಿಡದೆ ನೋಡುತ್ತಿತ್ತು.

“ಮೆಟ್ಲು,” ಎಂದಳು ಬೇಕರಿಯವಳು.

ಅಕ್ಕ ಕಾಲು ಎತ್ತಿ, ಹಿಮ್ಮಡಿಯಿಂದ ತಡಕಿ, ಕಲ್ಲಿನ ಮೇಲೆ ಊರಿದಳು.